ಖಾಸಗಿತನದ ಹಕ್ಕು: ತರಗತಿಗೆ ಒಂದು ಪಾಠ, ಪ್ರಶಿಕ್ಷಣಾರ್ಥಿಗೆ ಒಂದು ಶಿಸ್ತು

ಪೀಠಿಕೆ

ಸಮಾಜ ವಿಜ್ಞಾನ ಬೋಧನಾಭ್ಯಾಸಕ್ಕೆ ಮೂಲಭೂತ ಹಕ್ಕುಗಳ ಘಟಕವನ್ನು ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಬಹಳ ಮಂದಿ. ಆರು ಹಕ್ಕುಗಳ ಪಟ್ಟಿ, ವಿಧಿಗಳ ಸಂಖ್ಯೆ, ಒಂದು ಚಾರ್ಟ್, ಕೊನೆಗೆ ಐದು ಪ್ರಶ್ನೆ. ಅಷ್ಟಕ್ಕೆ ಪಾಠ ಮುಗಿಯುತ್ತದೆ. ನಡುವೆ ಮೊಬೈಲ್ ಫೋನಿನ ಮಾತು ಬಂದರೆ 'ಒಟಿಪಿ ಯಾರಿಗೂ ಹೇಳಬೇಡಿ' ಎಂಬ ಎಚ್ಚರಿಕೆಯ ಹತ್ತಿರ ನಿಲ್ಲುತ್ತದೆ. ಆ ಎಚ್ಚರಿಕೆ ಬೇಕು. ಆದರೆ ಅದು ಕಳ್ಳನಿಂದ ಕಾಪಾಡಿಕೊಳ್ಳುವ ಉಪಾಯ. ನಮ್ಮ ಬಗ್ಗೆ ಯಾರು ಎಷ್ಟು ತಿಳಿದುಕೊಳ್ಳಬಹುದು, ಯಾವ ಕೆಲಸಕ್ಕೆ, ಎಷ್ಟು ದಿನ ಇಟ್ಟುಕೊಳ್ಳಬಹುದು ಎಂದು ಕೇಳುವುದು ಹಕ್ಕು. ಕಳ್ಳನ ಮುಂದೆ ಈ ಪ್ರಶ್ನೆ ಕೇಳಲು ಬರುವುದಿಲ್ಲ. ಸರ್ಕಾರ, ಕಂಪನಿ, ಶಾಲೆಗಳ ಮುಂದೆ ಕೇಳಬಹುದು, ಕೇಳಬೇಕು.

ಶಾಲೆಯ ಹೆಸರನ್ನು ಇಲ್ಲಿ ಬೇಕೆಂದೇ ಸೇರಿಸಿದೆ. ಮಗುವಿನ ಜಾತಿ, ಮನೆಯ ಆದಾಯ, ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ, ಹಾಜರಿ, ಅಂಕ, ಕಾಯಿಲೆ, ಅಂಗವೈಕಲ್ಯ ಇವೆಲ್ಲವನ್ನೂ ಒಂದೇ ಕಡೆ ಬರೆದಿಟ್ಟುಕೊಳ್ಳುವ ಮೊದಲ ಸಂಸ್ಥೆ ಶಾಲೆಯೇ. ಬೋಧನಾಭ್ಯಾಸಕ್ಕೆಂದು ಹೋದ ಪ್ರಶಿಕ್ಷಣಾರ್ಥಿಯ ಕೈಗೆ ಆ ವಹಿಗಳು ಬರುತ್ತವೆ. ಅವನ ಜೇಬಿನಲ್ಲಿ ಕ್ಯಾಮೆರಾ ಇರುವ ಫೋನೂ ಇರುತ್ತದೆ. ಆದ್ದರಿಂದ ಈ ಪಾಠಕ್ಕೆ ಬೇರೆ ಪಾಠಗಳಿಗಿಲ್ಲದ ಒಂದು ಷರತ್ತಿದೆ: ಇದನ್ನು ಬೋಧಿಸುವವನು ಮೊದಲು ತಾನು ಪಾಲಿಸಬೇಕು. ಈ ಲೇಖನದಲ್ಲಿ ಪಾಠಕ್ಕೆ ಬೇಕಾದ ವಿಷಯ ಹಿನ್ನೆಲೆ, 9 ಅಥವಾ 10ನೇ ತರಗತಿಗೆ 2 ಅವಧಿಗಳ ಪಾಠ ಯೋಜನೆ, ಮಕ್ಕಳಿಂದ ಬರುವ ಪ್ರಶ್ನೆಗಳು ಮತ್ತು ಪ್ರಶಿಕ್ಷಣಾರ್ಥಿಯ ಶಿಸ್ತು ಈ ನಾಲ್ಕನ್ನು ಕ್ರಮವಾಗಿ ನೋಡೋಣ.

ವಿಷಯ ಹಿನ್ನೆಲೆ

1. ಕರ್ನಾಟಕದ ನ್ಯಾಯಮೂರ್ತಿಯೊಬ್ಬರ ಅರ್ಜಿ

ಖಾಸಗಿತನದ ಹಕ್ಕಿನ ಚರ್ಚೆಯಲ್ಲಿ ದೇಶವೆಲ್ಲ ಹೇಳುವ ಹೆಸರು ಕನ್ನಡ ನಾಡಿನದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, ತಮ್ಮ 86ನೇ ವಯಸ್ಸಿನಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸರ್ವೋಚ್ಚ ನ್ಯಾಯಾಲಯಕ್ಕೆ ಅರ್ಜಿ ಹಾಕಿದರು. ಆಗ ಆಧಾರ್‌ಗೆ ಸಂಸತ್ತು ಮಾಡಿದ ಕಾಯ್ದೆ ಇರಲಿಲ್ಲ. 2009ರ ಒಂದು ಸರ್ಕಾರಿ ಅಧಿಸೂಚನೆಯ ಆಧಾರದ ಮೇಲೆ ಪ್ರಾಧಿಕಾರ ರಚನೆಯಾಗಿ, ಜನರ ಬೆರಳಚ್ಚು ಮತ್ತು ಕಣ್ಣಿನ ಪಾಪೆಯ ಗುರುತುಗಳ ಸಂಗ್ರಹ ನಡೆದಿತ್ತು. ಕಾಯ್ದೆ ಬಂದದ್ದು 2016ರಲ್ಲಿ.

ವಿಚಾರಣೆಯಲ್ಲಿ ಕೇಂದ್ರ ಸರ್ಕಾರ ಎತ್ತಿದ ವಾದವೇ ಪ್ರಕರಣವನ್ನು ದೊಡ್ಡದು ಮಾಡಿತು. ಖಾಸಗಿತನ ಎಂಬ ಮೂಲಭೂತ ಹಕ್ಕು ಸಂವಿಧಾನದಲ್ಲಿ ಇಲ್ಲವೇ ಇಲ್ಲ ಎಂಬುದು ಆ ವಾದ. ಅದಕ್ಕೆ 1954ರ ಮತ್ತು 1962ರ ಎರಡು ಹಳೆಯ ತೀರ್ಪುಗಳನ್ನು ತೋರಿಸಲಾಯಿತು. ಅವುಗಳಲ್ಲಿ ಮೊದಲನೆಯದು 8 ನ್ಯಾಯಮೂರ್ತಿಗಳ ಪೀಠದ್ದು, ಎರಡನೆಯದು 6 ನ್ಯಾಯಮೂರ್ತಿಗಳ ಪೀಠದ್ದು. ಅವನ್ನು ಮರುಪರಿಶೀಲಿಸಲು ಇನ್ನೂ ದೊಡ್ಡ ಪೀಠ ಬೇಕಾಯಿತು. 9 ನ್ಯಾಯಮೂರ್ತಿಗಳು ಕುಳಿತರು. ದಕ್ಷಿಣ ಕನ್ನಡದವರಾದ ನ್ಯಾಯಮೂರ್ತಿ ಎಸ್. ಅಬ್ದುಲ್ ನಜೀರ್ ಅವರಲ್ಲಿ ಒಬ್ಬರು. 2017ರ ಆಗಸ್ಟ್ 24ರಂದು ಒಂಬತ್ತೂ ಮಂದಿ ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು, ಅದು 21ನೇ ವಿಧಿಯ ಜೀವ ಮತ್ತು ವೈಯಕ್ತಿಕ ಸ್ವಾತಂತ್ರ್ಯದ ಭಾಗ ಎಂದು ತೀರ್ಪಿತ್ತರು.

ಈ ಹಕ್ಕಿಗೆ ಮಿತಿಯೇ ಇಲ್ಲವೆಂದು ನ್ಯಾಯಾಲಯ ಹೇಳಲಿಲ್ಲ. ಸರ್ಕಾರ ಇದನ್ನು ಮೊಟಕುಗೊಳಿಸುವಾಗ ದಾಟಬೇಕಾದ ಪರೀಕ್ಷೆಯನ್ನು ಹೇಳಿತು. ತರಗತಿಯ ಭಾಷೆಯಲ್ಲಿ ಅದನ್ನು ನಾಲ್ಕು ಪ್ರಶ್ನೆಗಳಾಗಿ ಬರೆಯಬಹುದು:

ಇದಕ್ಕೆ ಕಾನೂನು ಇದೆಯೇ?
ಉದ್ದೇಶ ನ್ಯಾಯವಾದದ್ದೇ?
ಆ ಉದ್ದೇಶಕ್ಕೆ ಇಷ್ಟು ಮಾಹಿತಿ ಬೇಕೇ, ಕಡಿಮೆಯಲ್ಲಿ ಆಗದೇ?
ದುರುಪಯೋಗವಾದರೆ ತಡೆಯುವ, ದೂರು ಕೇಳುವ ವ್ಯವಸ್ಥೆ ಇದೆಯೇ?

ಪಾಠದ ಬೆನ್ನೆಲುಬು ಈ ನಾಲ್ಕು ಪ್ರಶ್ನೆಗಳೇ. ವಿಧಿಯ ಸಂಖ್ಯೆ ಮರೆತರೂ ಮಗು ಇವನ್ನು ಮರೆಯಬಾರದು.

ಆಧಾರ್ ಕಾಯ್ದೆಯ ತೀರ್ಪು ಬಂದದ್ದು 2018ರ ಸೆಪ್ಟೆಂಬರ್ 26ರಂದು. 5 ನ್ಯಾಯಮೂರ್ತಿಗಳಲ್ಲಿ 4 ಮಂದಿ ಕಾಯ್ದೆಯ ಬಹುಭಾಗವನ್ನು ಎತ್ತಿಹಿಡಿದರು, ನ್ಯಾಯಮೂರ್ತಿ ಡಿ.ವೈ. ಚಂದ್ರಚೂಡ್ ಭಿನ್ನ ತೀರ್ಪು ಬರೆದರು. ಶಿಕ್ಷಕರು ತಿಳಿದಿರಲೇಬೇಕಾದ ಅಂಶಗಳು ಬಹುಮತದ ತೀರ್ಪಿನಲ್ಲೇ ಇವೆ. ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯ ಮಾಡುವಂತಿಲ್ಲ. ಮಕ್ಕಳ ನೋಂದಣಿಗೆ ಪೋಷಕರ ಸಮ್ಮತಿ ಬೇಕು. ಆಧಾರ್ ಇಲ್ಲವೆಂಬ ಕಾರಣಕ್ಕೆ ಮಗುವಿಗೆ ಸೌಲಭ್ಯ ತಪ್ಪಬಾರದು. ಪುಟ್ಟಸ್ವಾಮಿಯವರು 2024ರ ಅಕ್ಟೋಬರ್‌ನಲ್ಲಿ, 98ನೇ ವಯಸ್ಸಿನಲ್ಲಿ ಬೆಂಗಳೂರಿನಲ್ಲಿ ನಿಧನರಾದರು.

2. ಬಾಗಿಲಿನ ಪೊಲೀಸನಿಂದ ಜೇಬಿನ ಫೋನಿನವರೆಗೆ

1962ರ ತೀರ್ಪು ಉತ್ತರ ಪ್ರದೇಶದ ಖರಕ್ ಸಿಂಗ್ ಎಂಬವರ ಪ್ರಕರಣದ್ದು. ಡಕಾಯಿತಿ ಪ್ರಕರಣವೊಂದರಲ್ಲಿ ಸಾಕ್ಷ್ಯವಿಲ್ಲದೆ ಬಿಡುಗಡೆಯಾದರೂ ಪೊಲೀಸರು ಅವರ ಹೆಸರಿನಲ್ಲಿ ಕಡತ ತೆರೆದು, ರಾತ್ರಿ ಹೊತ್ತು ಮನೆಗೆ ಬಂದು ಬಾಗಿಲು ಬಡಿಯುತ್ತಿದ್ದರು. ರಾತ್ರಿಯ ಭೇಟಿ ಸಲ್ಲದು ಎಂದ ನ್ಯಾಯಾಲಯ, ಹೊರಗಿನಿಂದ ಅವರ ಓಡಾಟ ಗಮನಿಸುವುದಕ್ಕೆ ತಡೆ ಹಾಕಲಿಲ್ಲ. ಆ ಕಾಲದಲ್ಲಿ ಒಬ್ಬನ ಮೇಲೆ ಕಣ್ಣಿಡಲು ಇನ್ನೊಬ್ಬ ಮನುಷ್ಯ ಬೇಕಿತ್ತು. ಎಲ್ಲರ ಮೇಲೂ ಕಣ್ಣಿಡುವುದು ಆಗದ ಮಾತಾಗಿತ್ತು.

ದೂರವಾಣಿ ಬಂದ ಮೇಲೆ ಕಿವಿಯಿಡುವುದು ಸುಲಭವಾಯಿತು. 1988ರಲ್ಲಿ ನಮ್ಮ ರಾಜ್ಯದಲ್ಲೇ ರಾಜಕಾರಣಿಗಳ ಫೋನ್ ಕದ್ದಾಲಿಕೆಯ ಆರೋಪ ಎದ್ದು, ಮುಖ್ಯಮಂತ್ರಿ ರಾಮಕೃಷ್ಣ ಹೆಗಡೆ ಆ ವರ್ಷದ ಆಗಸ್ಟ್‌ನಲ್ಲಿ ರಾಜೀನಾಮೆ ಕೊಟ್ಟರು. ಮುಂದೆ 1991ರಲ್ಲಿ ಇದೇ ಹೆಗಡೆಯವರು ಬಾಗಲಕೋಟೆ ಲೋಕಸಭಾ ಕ್ಷೇತ್ರದಿಂದ ಸ್ಪರ್ಧಿಸಿ ಸಿದ್ದು ನ್ಯಾಮಗೌಡರ ಎದುರು ಸೋತರು. ಆ ಚುನಾವಣೆ ನಮ್ಮ ಭಾಗದ ಹಿರಿಯರಿಗೆ ಇನ್ನೂ ನೆನಪಿದೆ. ಅವರನ್ನು ಮಾತನಾಡಿಸಿ ಬರುವ ಕೆಲಸವನ್ನು ಮಕ್ಕಳಿಗೆ ಮನೆಗೆಲಸವಾಗಿ ಕೊಡಬಹುದು. 1996ರ ಡಿಸೆಂಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಕದ್ದಾಲಿಕೆಗೆ ಕಟ್ಟುಪಾಡು ಹಾಕಿತು. ಗೃಹ ಕಾರ್ಯದರ್ಶಿಯ ಮಟ್ಟದ ಆದೇಶ ಬೇಕು, ಆದೇಶಕ್ಕೆ ಕಾಲಮಿತಿ ಬೇಕು, ಪರಿಶೀಲನಾ ಸಮಿತಿ ಬೇಕು ಎಂಬುದು ಅದರ ಸಾರ.

ಇಂದು ಮಾತು ಕೇಳಬೇಕೆಂದೂ ಇಲ್ಲ. ಯಾರು ಯಾರಿಗೆ, ಎಷ್ಟು ಹೊತ್ತಿಗೆ, ಯಾವ ಗೋಪುರದ ವ್ಯಾಪ್ತಿಯಿಂದ ಕರೆ ಮಾಡಿದರು ಎಂಬ ದಾಖಲೆಯೇ ಬಹಳ ಹೇಳುತ್ತದೆ. ದೂರಸಂಪರ್ಕ ಕಂಪನಿಗಳು ಈ ದಾಖಲೆಯನ್ನು ಕನಿಷ್ಠ 2 ವರ್ಷ ಇಟ್ಟುಕೊಳ್ಳಬೇಕೆಂಬ ನಿಯಮವಿದೆ. ಮಕ್ಕಳಿಗೆ ಇದನ್ನು ಕುಳಗೇರಿ ಕ್ರಾಸ್‌ನ ಉದಾಹರಣೆಯಿಂದ ತಿಳಿಸಬಹುದು. ಹುಬ್ಬಳ್ಳಿ–ವಿಜಯಪುರ ಹೆದ್ದಾರಿಗೆ ಬಾದಾಮಿಯ ರಸ್ತೆ ಕೂಡುವ ಈ ಜಾಗದಲ್ಲಿ ಬಸ್ಸಿಗೆ ನಿಂತವರನ್ನು ಚಹಾ ಅಂಗಡಿಯವರು ದಿನವೂ ನೋಡುತ್ತಾರೆ. ಅದು ಕಣ್ಗಾವಲಲ್ಲ. ಅವರು ನೋಡುತ್ತಾರೆ, ಸಂಜೆಗೆ ಮರೆಯುತ್ತಾರೆ. ಅದೇ ಜಾಗದಲ್ಲಿ ಒಂದು ಯಂತ್ರ ಪ್ರತಿ ಮುಖವನ್ನೂ ಗುರುತಿಸಿ, ಹೆಸರು ಮತ್ತು ವೇಳೆಯೊಂದಿಗೆ ಬರೆದಿಟ್ಟು, ಬೇಕೆಂದವರಿಗೆ ಕ್ಷಣದಲ್ಲಿ ಹುಡುಕಿಕೊಟ್ಟರೆ ಅದು ಕಣ್ಗಾವಲು. ಬರೆದಿಡುವುದು, ಕೂಡಿಸುವುದು, ಹುಡುಕುವುದು ಈ ಮೂರೂ ಸೇರಿದಾಗ ನೋಟದ ಗುಣವೇ ಬದಲಾಗುತ್ತದೆ.

3. ಮಾತಿಗೆ ತಡೆ

ಕಣ್ಗಾವಲು ಮತ್ತು ಸೆನ್ಸಾರ್ ಒಂದಕ್ಕೊಂದು ಅಂಟಿಕೊಂಡಿವೆ. ತನ್ನನ್ನು ಯಾರೋ ಗಮನಿಸುತ್ತಿದ್ದಾರೆ ಎಂದು ತಿಳಿದವನು ಹೇಳಬೇಕಾದುದನ್ನು ನುಂಗಿಕೊಳ್ಳುತ್ತಾನೆ. ಆಗ ಹೊರಗಿನಿಂದ ಯಾರೂ ಬಾಯಿ ಮುಚ್ಚಿಸಬೇಕಾಗಿಲ್ಲ.

ನೇರ ತಡೆಗೂ ಉದಾಹರಣೆಗಳಿವೆ. 2012ರಲ್ಲಿ ಮಹಾರಾಷ್ಟ್ರದ ಪಾಲ್ಘರ್‌ನಲ್ಲಿ ಬಂದ್ ಕುರಿತು ಫೇಸ್‌ಬುಕ್‌ನಲ್ಲಿ ಬರೆದ ಯುವತಿಯನ್ನೂ ಅದನ್ನು ಲೈಕ್ ಮಾಡಿದ ಗೆಳತಿಯನ್ನೂ ಬಂಧಿಸಲಾಗಿತ್ತು. ಅಂಥ ಬಂಧನಗಳಿಗೆ ದಾರಿಯಾಗಿದ್ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 66ಎ ಕಲಮನ್ನು 2015ರ ಮಾರ್ಚ್ 24ರಂದು ಸರ್ವೋಚ್ಚ ನ್ಯಾಯಾಲಯ ರದ್ದು ಮಾಡಿತು. ದೇಶದ ಭದ್ರತೆ, ಸಾರ್ವಜನಿಕ ಸುವ್ಯವಸ್ಥೆ ಮುಂತಾದ ಕಾರಣಗಳಿಗೆ ಅಂತರ್ಜಾಲದ ಬರಹವನ್ನು ತಡೆಯುವ 69ಎ ಕಲಮನ್ನು ಮಾತ್ರ ಉಳಿಸಿತು. ಆ ಕಲಮಿನ ಕೆಳಗೆ ಬಂದ ತಡೆ ಆದೇಶಗಳನ್ನು ಟ್ವಿಟರ್ ಕಂಪನಿ 2022ರಲ್ಲಿ ಪ್ರಶ್ನಿಸಿದ್ದು ಬೆಂಗಳೂರಿನಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದಲ್ಲಿ. 2023ರ ಜೂನ್ 30ರಂದು ನ್ಯಾಯಮೂರ್ತಿ ಕೃಷ್ಣ ಎಸ್. ದೀಕ್ಷಿತ್ ಅರ್ಜಿಯನ್ನು ವಜಾ ಮಾಡಿ ಕಂಪನಿಗೆ 50 ಲಕ್ಷ ರೂಪಾಯಿ ದಂಡ ವಿಧಿಸಿದರು. ಹೆಸರು ಬದಲಿಸಿಕೊಂಡ ಅದೇ ಕಂಪನಿ ಸರ್ಕಾರದ 'ಸಹಯೋಗ' ಪೋರ್ಟಲ್ ವಿರುದ್ಧ ತಂದ ಇನ್ನೊಂದು ಅರ್ಜಿಯೂ 2025ರ ಸೆಪ್ಟೆಂಬರ್ 24ರಂದು ಇದೇ ನ್ಯಾಯಾಲಯದಲ್ಲಿ ವಜಾ ಆಯಿತು.

ಇಲ್ಲಿ ಶಿಕ್ಷಕ ಸರ್ಕಾರದ ಪರವಾಗಲಿ ಕಂಪನಿಯ ಪರವಾಗಲಿ ವಕಾಲತ್ತು ಮಾಡಬೇಕಾಗಿಲ್ಲ. ಒಂದು ಪ್ರಶ್ನೆಯನ್ನು ಮಕ್ಕಳ ಮುಂದೆ ಇಟ್ಟರೆ ಸಾಕು: ಒಬ್ಬರ ಬರಹವನ್ನು ತೆಗೆದುಹಾಕುವಾಗ ಏಕೆ ತೆಗೆದೆವು ಎಂದು ಬರೆದವರಿಗೆ ತಿಳಿಸಬೇಕೇ? ಹೌದು ಎಂದವರೂ ಬೇಡ ಎಂದವರೂ ಕಾರಣ ಕೊಡಲಿ.

4. ಮಕ್ಕಳ ಮಾಹಿತಿಗೆ ಕಾನೂನು

2023ರ ಆಗಸ್ಟ್‌ನಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ರಕ್ಷಣಾ ಕಾಯ್ದೆಗೆ ರಾಷ್ಟ್ರಪತಿಗಳ ಅಂಕಿತ ಬಿತ್ತು. ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ, ಹಂತ ಹಂತವಾಗಿ ಜಾರಿಗೆ ಬರುವಂತೆ ಗೊತ್ತುಮಾಡಲಾಯಿತು. ಈ ಕಾಯ್ದೆಯ ಪ್ರಕಾರ 18 ವರ್ಷ ತುಂಬದವರು ಮಕ್ಕಳು. ಅವರ ಮಾಹಿತಿ ಬಳಸಲು ಪೋಷಕರ ಖಚಿತ ಸಮ್ಮತಿ ಬೇಕು. ಅವರ ನಡವಳಿಕೆಯನ್ನು ಹಿಂಬಾಲಿಸುವುದು, ಅವರನ್ನೇ ಗುರಿಯಾಗಿಸಿ ಜಾಹೀರಾತು ತೋರಿಸುವುದು ಸಲ್ಲದು. ಶಿಕ್ಷಣ ಸಂಸ್ಥೆಗಳಿಗೆ ಕಲಿಕೆ ಮತ್ತು ಮಕ್ಕಳ ಸುರಕ್ಷತೆಯ ಮಟ್ಟಿಗೆ ಕೆಲವು ವಿನಾಯಿತಿಗಳಿವೆ. ವಿನಾಯಿತಿ ಇದೆ ಎಂದ ಮಾತ್ರಕ್ಕೆ ಮಗುವಿನ ಫೋಟೊ ಶಿಕ್ಷಕರ ಸ್ವಂತದ್ದಾಗುವುದಿಲ್ಲ.

ಪಾಠ ಯೋಜನೆ

ತರಗತಿ: 9 ಅಥವಾ 10. ವಿಷಯ: ಸಮಾಜ ವಿಜ್ಞಾನ, ಮೂಲಭೂತ ಹಕ್ಕುಗಳು. ಉಪಘಟಕ: ಖಾಸಗಿತನದ ಹಕ್ಕು. ಅವಧಿ: 40 ನಿಮಿಷಗಳ 2 ಅವಧಿಗಳು. ಕಲಿಕೋಪಕರಣ: ಚೀಟಿಗಳು, 5 ಸನ್ನಿವೇಶ ಕಾರ್ಡುಗಳು, ಖಾಲಿ ಡಬ್ಬಿ. ಫೋನ್, ಪ್ರೊಜೆಕ್ಟರ್ ಬೇಕಿಲ್ಲ.

ಕಲಿಕಾ ಫಲಗಳು: ಮಗು ಖಾಸಗಿತನಕ್ಕೂ ಗುಟ್ಟಿಗೂ ಇರುವ ವ್ಯತ್ಯಾಸವನ್ನು ಸ್ವಂತ ಉದಾಹರಣೆಯಿಂದ ಹೇಳುತ್ತದೆ. ನಾಲ್ಕು ಪ್ರಶ್ನೆಗಳನ್ನು ಹೊಸ ಸನ್ನಿವೇಶಕ್ಕೆ ಅನ್ವಯಿಸುತ್ತದೆ. ಕಣ್ಗಾವಲು ಮಾತಿನ ಸ್ವಾತಂತ್ರ್ಯವನ್ನು ಹೇಗೆ ಕುಗ್ಗಿಸುತ್ತದೆ ಎಂದು ವಿವರಿಸುತ್ತದೆ.

ತೊಡಗಿಸಿಕೊಳ್ಳುವಿಕೆ (10 ನಿಮಿಷ). ಪ್ರತಿ ಮಗುವಿಗೂ ಎರಡು ಚೀಟಿ ಕೊಡಿ. 'ನಮ್ಮ ಶಾಲೆಯಲ್ಲಿ ಬದಲಾಗಬೇಕಾದ ಒಂದು ಸಂಗತಿ' ಎಂಬುದು ವಿಷಯ. ಮೊದಲ ಚೀಟಿಯಲ್ಲಿ ಹೆಸರು ಬರೆಯಬೇಕು, ಎರಡನೆಯದರಲ್ಲಿ ಬರೆಯಬಾರದು. ಯಾರ ಹೆಸರನ್ನೂ ಹೇಳದೆ ಎರಡೂ ಬಗೆಯ ಚೀಟಿಗಳಿಂದ ಕೆಲವನ್ನು ಓದಿ. ಹೆಸರಿದ್ದಲ್ಲಿ ಗಿಡ ನೆಡಬೇಕು, ಆಟದ ಸಾಮಾನು ಬೇಕು ಎಂಬ ಮಾತುಗಳು ಬರಬಹುದು. ಹೆಸರಿಲ್ಲದಲ್ಲಿ ಶೌಚಾಲಯದ ಬಾಗಿಲಿಗೆ ಚಿಲಕವಿಲ್ಲ, ಬಿಸಿಯೂಟದ ಸಾರು ನೀರು, ಇಂಥವರು ಬಯ್ಯುತ್ತಾರೆ ಎಂಬವೂ ಬರಬಹುದು. ಯಾವ ವ್ಯಕ್ತಿಯ ಮೇಲಿನ ದೂರನ್ನೂ ಗಟ್ಟಿಯಾಗಿ ಓದಬೇಡಿ. ನಂತರ ಕೇಳಿ: 'ಬರೆದವರು ನೀವೇ, ಕೈ ಒಂದೇ. ಮಾತು ಯಾಕೆ ಬೇರೆಯಾಯಿತು?' ಉತ್ತರ ಮಕ್ಕಳೇ ಹೇಳುತ್ತಾರೆ.

ಓದಿದ ಮೇಲೆ ಎಲ್ಲ ಚೀಟಿಗಳನ್ನೂ ಮಕ್ಕಳ ಕಣ್ಣೆದುರಿಗೇ ಹರಿದುಹಾಕಬೇಕು. ಅಕ್ಷರದಿಂದ ಯಾರದೆಂದು ಕಂಡುಹಿಡಿಯುವ ಕುತೂಹಲಕ್ಕೆ ಶಿಕ್ಷಕ ಬಿದ್ದರೆ ಪಾಠ ಅಲ್ಲಿಗೇ ಸೋತಿತು. ಮಗುವಿಗೆ ಪೆಟ್ಟು ಅಥವಾ ಕಿರುಕುಳ ಆಗುತ್ತಿದೆ ಎಂಬ ಸುಳಿವು ಚೀಟಿಯಲ್ಲಿದ್ದರೆ ಮಾತ್ರ, ಆ ಚೀಟಿಯನ್ನು ಬೇರೆಯಾಗಿಟ್ಟು, ಅವಧಿ ಮುಗಿದ ಮೇಲೆ ಮುಖ್ಯೋಪಾಧ್ಯಾಯರಿಗೆ ತಿಳಿಸಬೇಕು. ಈ ಒಂದು ವಿನಾಯಿತಿಯನ್ನು ಚೀಟಿ ಕೊಡುವ ಮೊದಲೇ ಮಕ್ಕಳಿಗೆ ಹೇಳಿರಬೇಕು.

ಅನ್ವೇಷಣೆ (25 ನಿಮಿಷ). ತರಗತಿಯನ್ನು ಐದು ಗುಂಪು ಮಾಡಿ ಒಂದೊಂದು ಕಾರ್ಡು ಕೊಡಿ.

ಕಾರ್ಡು 1: ಶಕ್ತಿ ಯೋಜನೆಯ ಬಸ್ಸಿನಲ್ಲಿ ಕಂಡಕ್ಟರ್ ಮಹಿಳೆಯ ಗುರುತಿನ ಚೀಟಿ ನೋಡಿ ಉಚಿತ ಟಿಕೆಟ್ ಕೊಡುತ್ತಾರೆ. ಮುಂದೆ ಒಬ್ಬರು 'ಪ್ರತಿ ಮಹಿಳೆ ಎಲ್ಲಿ ಹತ್ತಿದಳು, ಎಲ್ಲಿ ಇಳಿದಳು ಎಂದು ಹೆಸರಿನೊಂದಿಗೆ ಬರೆದಿಡೋಣ' ಎನ್ನುತ್ತಾರೆ.

ಕಾರ್ಡು 2: ಜೆರಾಕ್ಸ್ ಅಂಗಡಿಯಲ್ಲಿ ಕೆಟ್ಟ ಆಧಾರ್ ಪ್ರತಿಗಳನ್ನು ಮೂಲೆಗೆ ಎಸೆದಿದ್ದಾರೆ. ಅವು ಮಿರ್ಚಿ ಭಜಿ ಕಟ್ಟಿಕೊಡುವ ಕಾಗದವಾಗುತ್ತವೆ.

ಕಾರ್ಡು 3: ಶಾಲೆಯ ಗೇಟಿಗೆ ಸಿಸಿಟಿವಿ ಹಾಕಿದ್ದಾರೆ. ಇನ್ನು ತರಗತಿಯೊಳಗೂ ಹಾಕಿ, ದೃಶ್ಯವನ್ನು ಎಲ್ಲ ಪೋಷಕರ ಫೋನಿಗೆ ಕೊಡೋಣ ಎನ್ನುತ್ತಾರೆ.

ಕಾರ್ಡು 4: ಪರೀಕ್ಷಾ ಫಲಿತಾಂಶ ತೋರಿಸುವ ಆ್ಯಪ್ ಒಂದು ಫೋನಿನಲ್ಲಿರುವ ಎಲ್ಲರ ನಂಬರು, ನೀವಿರುವ ಜಾಗ, ಕ್ಯಾಮೆರಾ ಎಲ್ಲಕ್ಕೂ ಅನುಮತಿ ಕೇಳುತ್ತದೆ.

ಕಾರ್ಡು 5: ಊರಿನ ವಾಟ್ಸ್ಆ್ಯಪ್ ಗುಂಪಿನಲ್ಲಿ ನಪಾಸಾದ ಮಕ್ಕಳ ಹೆಸರಿನ ಪಟ್ಟಿ ಹಾಕಿದ್ದಾರೆ.

ಕಾನೂನು ಇದೆಯೇ ಎಂಬುದು ಮಕ್ಕಳಿಗೆ ಗೊತ್ತಿರದಿದ್ದರೆ ಶಿಕ್ಷಕ ನೆರವಾಗಲಿ. ಉಳಿದ ಮೂರು ಪ್ರಶ್ನೆಗಳಿಗೆ ಉತ್ತರ ಗುಂಪಿನಿಂದಲೇ ಬರಬೇಕು. ಮೊದಲ ಕಾರ್ಡಿನಲ್ಲಿ ಮಕ್ಕಳು ತಲುಪಬೇಕಾದ ಜಾಗ ಹೀಗಿದೆ: ರಾಜ್ಯದ ಮಹಿಳೆ ಹೌದೇ ಎಂದು ತಿಳಿಯಲು ಚೀಟಿ ನೋಡಿದರೆ ಸಾಕು, ಎಲ್ಲಿಗೆ ಹೋದಳೆಂದು ಹೆಸರಿನೊಂದಿಗೆ ಬರೆದಿಟ್ಟರೆ ಅದು ಅವಳ ಓಡಾಟದ ದಿನಚರಿಯಾಗುತ್ತದೆ. ನೋಡುವುದಕ್ಕೂ ಬರೆದಿಡುವುದಕ್ಕೂ ಇರುವ ಈ ಅಂತರ ಗೊತ್ತಾದರೆ ಮೂರನೆಯ ಪ್ರಶ್ನೆ ಅರ್ಥವಾದಂತೆ.

ಒಂದು ಸೂಚನೆ: ನಾಲ್ಕು ಪ್ರಶ್ನೆಗಳ ಪರೀಕ್ಷೆಯನ್ನು ನ್ಯಾಯಾಲಯ ಹೇಳಿದ್ದು ಸರ್ಕಾರದ ಕ್ರಮಗಳ ಕುರಿತು. 2 ಮತ್ತು 4ನೇ ಕಾರ್ಡುಗಳ ಅಂಗಡಿ, ಆ್ಯಪ್‌ಗಳು ಖಾಸಗಿಯವರದು. ಊರಿನ ಗುಂಪೂ ಸರ್ಕಾರವಲ್ಲ. ಕಂಪನಿಗಳ ವಿಷಯದಲ್ಲಿ ಮುಖ್ಯವಾಗುವುದು 2023ರ ಕಾಯ್ದೆ ಮತ್ತು ಸಮ್ಮತಿ. ಪ್ರಶ್ನೆಗಳು ಎಲ್ಲಕ್ಕೂ ಉಪಯೋಗವಾಗುತ್ತವೆ, ಕಾನೂನು ಬೇರೆ ಬೇರೆ ಎಂಬುದನ್ನು ಸ್ಪಷ್ಟಪಡಿಸಿ.

ವಿವರಣೆ (20 ನಿಮಿಷ, ಅವಧಿ ಹಂಚಿಕೆಗೆ ತಕ್ಕಂತೆ). ಪುಟ್ಟಸ್ವಾಮಿ ಪ್ರಕರಣವನ್ನು ಕಥನವಾಗಿ ಹೇಳಿ. ಕಪ್ಪುಹಲಗೆಯ ಎಡಕ್ಕೆ 1954, 1962, 1996, 2017, 2018, 2023 ಎಂದು ಕಾಲರೇಖೆ ಬರೆಯಿರಿ. ಬಲಕ್ಕೆ ನಾಲ್ಕು ಪ್ರಶ್ನೆಗಳಿರಲಿ. ಮೊದಲು ಗುಂಪುಗಳು ಕೊಟ್ಟ ಉತ್ತರಗಳನ್ನು ಕೇಳಿ, ಆಮೇಲೆ ನ್ಯಾಯಾಲಯದ ಪರೀಕ್ಷೆಯನ್ನು ಹೇಳಿ. ತಾವು ಕೇಳಿದ್ದನ್ನೇ ನ್ಯಾಯಮೂರ್ತಿಗಳೂ ಕೇಳಿದ್ದಾರೆ ಎಂದು ತಿಳಿದಾಗ ಮಕ್ಕಳ ಮುಖ ಅರಳುತ್ತದೆ.

ವಿಸ್ತರಣೆ (15 ನಿಮಿಷ). ಚೀಟಿ ಚಟುವಟಿಕೆಗೆ ಮರಳಿ, ಮಾತಿಗೆ ತಡೆ ಎಂಬ ಭಾಗವನ್ನು ಎತ್ತಿಕೊಳ್ಳಿ. 66ಎ ಪ್ರಕರಣ ಹೇಳಿ, ಕಾರಣ ತಿಳಿಸಬೇಕೇ ಎಂಬ ಪ್ರಶ್ನೆಯ ಮೇಲೆ ಎರಡು ಬದಿಯ ಚರ್ಚೆ ನಡೆಸಿ.

ಮೌಲ್ಯಮಾಪನ (10 ನಿಮಿಷ). 'ಮುಖ ಗುರುತಿಸುವ ಯಂತ್ರದಿಂದ ಹಾಜರಿ ಹಾಕಬೇಕೆಂದು ನಿಮ್ಮ ಶಾಲೆ ಯೋಚಿಸಿದೆ. ಮುಖ್ಯೋಪಾಧ್ಯಾಯರಿಗೆ ನಾಲ್ಕು ಪ್ರಶ್ನೆಗಳ ಒಂದು ಪತ್ರ ಬರೆಯಿರಿ.' ಪರವೋ ವಿರೋಧವೋ ಎಂಬುದಕ್ಕೆ ಅಂಕ ಬೇಡ. ಪ್ರಶ್ನೆ ಎಷ್ಟು ನಿಖರವಾಗಿದೆ ಎಂಬುದಕ್ಕೆ ಅಂಕ ಕೊಡಿ.

ಮಕ್ಕಳಿಂದ ಬರುವ ಪ್ರಶ್ನೆಗಳು

'ತಪ್ಪು ಮಾಡದವ್ರಿಗೆ ಅಂಜಿಕಿ ಯಾಕ್ರಿ ಸರ್? ಮುಚ್ಚಿಡೂದರ ಏನೈತಿ?' ಈ ಪ್ರಶ್ನೆ ಖಂಡಿತ ಬರುತ್ತದೆ. ಬರದಿದ್ದರೆ ಶಿಕ್ಷಕನೇ ಎತ್ತಬೇಕು. ಉತ್ತರಕ್ಕೆ ಶಾಲಾ ಸಂಸತ್ತಿನ ಚುನಾವಣೆಯನ್ನು ನೆನಪಿಸಿ. ಮತ ಹಾಕುವ ಜಾಗಕ್ಕೆ ಮರೆ ಯಾಕೆ ಕಟ್ಟುತ್ತೇವೆ? ಮತದಾರ ತಪ್ಪು ಮಾಡುತ್ತಾನೆಂದೇ? ಅಲ್ಲ. ನೋಡುವವರಿದ್ದರೆ ಅವನು ತನ್ನ ಮನಸ್ಸಿನಂತೆ ಮತ ಹಾಕಲಾರ. ಗೌಡರ ಹೊಲದಲ್ಲಿ ದುಡಿಯುವವನಿಗೂ ಗೌಡರಿಗೂ ಆ ಮರೆಯ ಹಿಂದೆ ಸಮಾನ ಬಲ. ಖಾಸಗಿತನ ತಪ್ಪನ್ನು ಮುಚ್ಚುವ ಪರದೆಯಲ್ಲ, ಬಲ ಕಡಿಮೆ ಇರುವವನು ಸ್ವಂತವಾಗಿ ಯೋಚಿಸಲು ಬೇಕಾದ ಜಾಗ ಎಂಬುದನ್ನು ಇದಕ್ಕಿಂತ ಚೆನ್ನಾಗಿ ತಿಳಿಸುವ ಉದಾಹರಣೆ ಸಿಗಲಾರದು.

'ಅಪ್ಪ ನನ್ ಫೋನ್ ತಗದು ನೋಡ್ತಾನ್ರಿ, ಅದೂ ತಪ್ಪೇನ್ರಿ?' ಇದಕ್ಕೆ ಆತುರದ ಉತ್ತರ ಬೇಡ. ಮಕ್ಕಳ ಸುರಕ್ಷತೆ ಪೋಷಕರ ಹೊಣೆ, ಉದ್ದೇಶ ನ್ಯಾಯವಾದದ್ದೇ. ಆದರೆ ಹೇಳಿ ನೋಡುವುದಕ್ಕೂ ಕದ್ದು ನೋಡುವುದಕ್ಕೂ ಅಂತರವಿದೆ. ಅಣ್ಣನ ಫೋನ್ ಬಿಟ್ಟು ತಂಗಿಯ ಫೋನನ್ನಷ್ಟೇ ಪರೀಕ್ಷಿಸುವ ಮನೆಯಲ್ಲಿ ಪ್ರಶ್ನೆ ಸುರಕ್ಷತೆಯದ್ದಾಗಿ ಉಳಿಯುವುದಿಲ್ಲ. ಹುಡುಗಿಯರ ಕೈಯ ಫೋನ್ ಕಿತ್ತುಕೊಳ್ಳಲು ಈ ಪಾಠ ನೆಪವಾಗದಂತೆಯೂ ಶಿಕ್ಷಕ ಎಚ್ಚರದಿಂದ ಮಾತನಾಡಬೇಕು. ಮನೆಯ ವಿಷಯವನ್ನು ತರಗತಿಯಲ್ಲಿ ಬಿಡಿಸಿ ಹೇಳುವಂತೆ ಮಗುವನ್ನು ಕೆದಕಬಾರದು.

'ಆಧಾರ್ ಕೊಡಬ್ಯಾಡ ಅಂತೀರೇನ್ರಿ?' ಹಾಗಲ್ಲ. ಕಾನೂನು ಕೇಳುವ ಕಡೆ ಕೊಡಬೇಕು. ಗುರುತು ತೋರಿಸಿದರೆ ಸಾಕು ಎನ್ನುವ ಕಡೆ, ಕೊನೆಯ 4 ಅಂಕಿ ಮಾತ್ರ ಕಾಣುವ ಆಧಾರ್ ಪ್ರತಿಯನ್ನು ಪ್ರಾಧಿಕಾರವೇ ಒದಗಿಸಿದೆ. ಬೆರಳಚ್ಚಿಗೆ ಬೀಗ ಹಾಕುವ ಸೌಲಭ್ಯವೂ ಇದೆ. ಜೆರಾಕ್ಸ್ ಕೊಟ್ಟರೆ ಅದರ ಮೇಲೆ ಯಾವ ಕೆಲಸಕ್ಕೆ, ಯಾವ ದಿನ ಎಂದು ಬರೆದು ಕೊಡುವ ಅಭ್ಯಾಸ ಒಳ್ಳೆಯದು.

ಪ್ರಶಿಕ್ಷಣಾರ್ಥಿಯ ಶಿಸ್ತು

ಬೋಧನಾಭ್ಯಾಸದ ಅವಧಿಯಲ್ಲಿ ಮಕ್ಕಳ ಮಾಹಿತಿ ಹೊರಹೋಗುವ ದಾರಿಗಳು ಮುಖ್ಯವಾಗಿ ಮೂರು.

ಮೊದಲನೆಯದು ಫೋಟೊ. ಪಾಠದ ದಾಖಲೆಗೆಂದು ತೆಗೆದ ಚಿತ್ರ ಸಂಜೆಯೊಳಗೆ ಸ್ಟೇಟಸ್ ಆಗುತ್ತದೆ. ಮುತ್ತು ಒಡೆದರೆ ಹೋಯಿತು, ಮಾತು ಆಡಿದರೆ ಹೋಯಿತು ಎನ್ನುತ್ತಾರೆ. ಗುಂಪಿಗೆ ಹೋದ ಫೋಟೊವೂ ಹಾಗೆಯೇ. ಕಳಿಸಿದವರು ಅಳಿಸಿದರೂ ಉಳಿಸಿಕೊಂಡವರ ಫೋನಿನಲ್ಲಿ ಅದು ಇರುತ್ತದೆ. ದಾಖಲೆಗೆ ಬೇಕಾದದ್ದು ಕಪ್ಪುಹಲಗೆ, ಕಲಿಕೋಪಕರಣ, ಬೋಧಿಸುತ್ತಿರುವ ಪ್ರಶಿಕ್ಷಣಾರ್ಥಿ. ತರಗತಿಯ ಹಿಂದಿನಿಂದ ತೆಗೆದರೆ ಮಕ್ಕಳ ಮುಖ ಬರುವುದೇ ಇಲ್ಲ.

ಎರಡನೆಯದು ಅಂಕಪಟ್ಟಿ. ಸಾಧನಾ ಪರೀಕ್ಷೆಯ ವಿಶ್ಲೇಷಣೆಗೆ ಕ್ರಮಸಂಖ್ಯೆ ಸಾಕು. ಸರಾಸರಿ, ಆವೃತ್ತಿ ಹಂಚಿಕೆ, ನಕ್ಷೆ ಯಾವುದಕ್ಕೂ ಮಗುವಿನ ಹೆಸರು ಬೇಕಿಲ್ಲ.

ಮೂರನೆಯದು, ಎಲ್ಲಕ್ಕಿಂತ ಗಂಭೀರವಾದದ್ದು, ವ್ಯಕ್ತಿ ಅಧ್ಯಯನ. 'ಸಮಸ್ಯಾತ್ಮಕ ಮಗು' ಎಂದು ಒಬ್ಬರನ್ನು ಆರಿಸಿ, ಮನೆಗೆ ಹೋಗಿ, ತಂದೆಯ ಕುಡಿತ, ತಾಯಿಯ ಕಾಯಿಲೆ, ಮನೆಯ ಸಾಲ, ಅಕ್ಕನ ಸಂಸಾರದ ಜಗಳ ಎಲ್ಲವನ್ನೂ ಕೇಳಿ ಬರೆಯುತ್ತೇವೆ. ಶಿಕ್ಷಕರು ಬಂದರೆಂಬ ಗೌರವಕ್ಕೆ ಆ ತಾಯಿ ಇದ್ದದ್ದನ್ನೆಲ್ಲ ಹೇಳಿಕೊಳ್ಳುತ್ತಾಳೆ. ಆ ರೆಕಾರ್ಡ್ ಮೌಲ್ಯಮಾಪನವಾದ ಮೇಲೆ ಮುಂದಿನ ವರ್ಷದವರಿಗೆ ಮಾದರಿಯಾಗಿ ಕೈಯಿಂದ ಕೈಗೆ ದಾಟುತ್ತದೆ. ಬಸ್ಸಿನಲ್ಲಿ, ವಸತಿನಿಲಯದಲ್ಲಿ, ಪ್ರತಿ ಮಾಡುವ ಅಂಗಡಿಯಲ್ಲಿ ಆ ಮನೆಯ ಕಥೆ ಬಿಚ್ಚಿಕೊಂಡು ಬಿದ್ದಿರುತ್ತದೆ. ಆ ತಾಯಿ ಇದಕ್ಕೆ ಒಪ್ಪಿದ್ದಳೇ?

ಹೆಸರು ಬದಲಿಸಿದರೆ ಸಾಲದು. 'ತಂದೆ ಗೋವಾದಲ್ಲಿ ದುಡಿಯುವ, ಕಾಲು ಊನವಿರುವ, ಇಂಥ ಊರಿನ 9ನೇ ತರಗತಿಯ ಹುಡುಗಿ' ಎಂದು ಬರೆದರೆ ಊರಿನವರಿಗೆ ಹೆಸರು ಬೇಕಾಗುವುದಿಲ್ಲ. ಆದ್ದರಿಂದ ಊರು, ಶಾಲೆ, ಕುಲಕಸುಬು, ಎದ್ದು ಕಾಣುವ ಗುರುತು ಇವನ್ನೂ ಬಿಡಬೇಕು. ಸಮಸ್ಯೆ, ಕೈಗೊಂಡ ಕ್ರಮ, ಕಂಡ ಬದಲಾವಣೆ ಇವಿಷ್ಟೇ ಉಳಿಯಬೇಕು. ಮನೆಯವರಿಗೆ ಬರೆಯುತ್ತಿರುವುದೇಕೆ, ಯಾರು ಓದುತ್ತಾರೆ ಎಂದು ಮೊದಲೇ ಹೇಳಿ ಒಪ್ಪಿಗೆ ಪಡೆಯಬೇಕು. ಬೇಡ ಎಂದರೆ ಬೇರೆ ವಿಷಯ ಹುಡುಕಬೇಕು.

ಒಂದು ಸಂಗತಿಯಲ್ಲಿ ಮಾತ್ರ ಮೌನ ಸಲ್ಲದು. ಬಾಲ್ಯವಿವಾಹದ ಸಿದ್ಧತೆ, ಲೈಂಗಿಕ ದೌರ್ಜನ್ಯ, ಹಿಂಸೆಯ ಸುಳಿವು ಸಿಕ್ಕರೆ ಅದನ್ನು ಮುಖ್ಯೋಪಾಧ್ಯಾಯರಿಗೆ ಮತ್ತು 1098 ಮಕ್ಕಳ ಸಹಾಯವಾಣಿಗೆ ತಿಳಿಸಬೇಕು; ಲೈಂಗಿಕ ದೌರ್ಜನ್ಯದ ವಿಷಯದಲ್ಲಿ ಪೋಕ್ಸೊ ಕಾಯ್ದೆಯಂತೆ ಪೊಲೀಸರಿಗೆ ತಿಳಿಸುವುದು ಕಡ್ಡಾಯ. ತಿಳಿಸಬೇಕಾದವರಿಗೆ ತಿಳಿಸುವುದು ಬೇರೆ, ಸ್ಟಾಫ್ ರೂಮಿನಲ್ಲಿ ಮಾತನಾಡುವುದು ಬೇರೆ. ಅಂಥ ಮಗುವಿನ ಗುರುತು ಬಯಲಾಗುವಂತೆ ಪ್ರಕಟಿಸುವುದು ಕಾನೂನಿನ ಪ್ರಕಾರವೂ ಅಪರಾಧ.

ಪಾಠ ವೀಕ್ಷಕರಿಗೆ

ಬೋಧಕರು ವೀಕ್ಷಣಾ ನಮೂನೆಯಲ್ಲಿ ಈ ಮೂರು ಅಂಶಗಳನ್ನು ಸೇರಿಸಿಕೊಳ್ಳಬಹುದು: ಚೀಟಿಗಳನ್ನು ಮಕ್ಕಳೆದುರು ಹರಿದರೇ? ಯಾವುದಾದರೂ ಮಗುವಿನ ಸ್ವಂತ ಸಂಗತಿ ತರಗತಿಯಲ್ಲಿ ಬಯಲಾಯಿತೇ? ನಾಲ್ಕು ಪ್ರಶ್ನೆಗಳನ್ನು ಮಕ್ಕಳು ಸ್ವತಃ ಕೇಳಿದರೇ, ಶಿಕ್ಷಕರೇ ಹೇಳಿ ಮುಗಿಸಿದರೇ? ಮಹಾವಿದ್ಯಾಲಯದ ಮಟ್ಟದಲ್ಲಿ, ವ್ಯಕ್ತಿ ಅಧ್ಯಯನದ ರೆಕಾರ್ಡ್‌ಗಳನ್ನು ಕಿರಿಯರಿಗೆ ದಾಟಿಸದೆ ಮೌಲ್ಯಮಾಪನದ ನಂತರ ಬೀಗದೊಳಗೆ ಇಡುವ, ಗೊತ್ತಾದ ಅವಧಿಯ ಮೇಲೆ ನಾಶ ಮಾಡುವ ನಿಯಮ ಮಾಡುವುದು ಕಷ್ಟದ ಕೆಲಸವೇನಲ್ಲ.

ಬೋಧನಾಭ್ಯಾಸದ ಕೊನೆಯ ದಿನ ಶಾಲೆಗೆ ವಹಿ, ಚಾಕ್, ಭೂಪಟ ಹಿಂತಿರುಗಿಸುವ ಪದ್ಧತಿ ಇದೆ. ಅದರ ಜೊತೆಗೆ ಫೋನಿನಲ್ಲಿ ಉಳಿದ ಮಕ್ಕಳ ಚಿತ್ರ, ಹಾಜರಿಯ ಪ್ರತಿ, ಪೋಷಕರ ನಂಬರುಗಳನ್ನು ಅಳಿಸಿ, ಅಳಿಸಿದ್ದೇನೆಂದು ಮಾರ್ಗದರ್ಶಿ ಶಿಕ್ಷಕರಿಗೆ ತಿಳಿಸಿ ಬರೋಣ. ಅವೂ ಶಾಲೆಗೆ ಮತ್ತು ಆ ಮಕ್ಕಳಿಗೆ ಸೇರಿದವೇ.